ಗೌಜಲಿಗೆ ಕೂತ ಕೋಳಿ, ಕೋಳಿಗೆ ಕೂತ ನಾನು

ಬಸ್ಸು ಹಂಪಿನ ಮೇಲೆ ಹಾರಿದಾಗ ಎಲ್ಲರ ಕೈಯೂ ಮುಂದಿನ ಸೀಟಿನ ಕಂಬಿಗೆ ಹೋಗುತ್ತದೆ. ನನ್ನ ಕೈ ಹೊಟ್ಟೆಗೆ ಹೋಗುತ್ತದೆ. ಕಳೆದ ವಾರ ನಿಡಘಟ್ಟದ ಹತ್ತಿರ ಹೀಗೇ ಆಯಿತು. ನಿಂತುಕೊಂಡು ಬರುತ್ತಿದ್ದೆ. ಡ್ರೈವರು ಹಂಪು ನೋಡದೆ ಹಾರಿಸಿದ, ನಾನು ಥಟ್ಟನೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ. ಸೀಟಿನಲ್ಲಿದ್ದ ಕಾಲೇಜು ಹುಡುಗಿ ನನ್ನ ನರೆತ ಕೂದಲನ್ನೂ ಹೊಟ್ಟೆಯನ್ನೂ ಒಂದೆರಡು ಸಲ ನೋಡಿ, ಲೆಕ್ಕ ತಾಳೆಯಾಗದಿದ್ದರೂ ಎದ್ದು ಜಾಗ ಬಿಟ್ಟಳು. ನಾನು ಸಂಕೋಚವಿಲ್ಲದೆ ಕೂತೆ. ಐವತ್ತು ದಾಟಿದ ಮೇಲೆ ಸೀಟು ಯಾವ ಕಾರಣಕ್ಕೆ ಸಿಕ್ಕಿತೆಂದು ವಿಚಾರಿಸಲು ಹೋಗಬಾರದು.

ಈ ಅಭ್ಯಾಸ ನನಗೆ ಅಂಟಿದ್ದು ಒಂದು ಕೋಳಿಮೊಟ್ಟೆಯ ದೆಸೆಯಿಂದ. ಆ ಮೊಟ್ಟೆಯ ಕಥೆ ಹೇಳಬೇಕಾದರೆ ಗೌಜಲಹಕ್ಕಿಯಿಂದ ಶುರುಮಾಡಬೇಕು, ಗೌಜಲಹಕ್ಕಿಯ ಕಥೆ ಹೇಳಬೇಕಾದರೆ ನಮ್ಮತ್ತೆಯಿಂದ ಶುರುಮಾಡಬೇಕು, ನಮ್ಮತ್ತೆಯಿಂದ ಶುರುಮಾಡಿದರೆ ಅದು ಮುಗಿಯುವುದಿಲ್ಲ. ಆದ್ದರಿಂದ ನನ್ನಿಂದಲೇ ಶುರುಮಾಡುತ್ತೇನೆ.

ನಾನು ಮದ್ದೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಅಲ್ಲಿಯೇ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಮ್ಮು. ಕೋಳಿ ಎಂದರೆ ಭಾನುವಾರ ಅಂಗಡಿಯಿಂದ ಕರೀ ಕವರಿನಲ್ಲಿ ಬರುವ ವಸ್ತು ಎಂದೇ ತಿಳಿದಿದ್ದೆ. ಜೀವವಿರುವ ಕೋಳಿಯ ಜೊತೆ ನನಗಿದ್ದ ವ್ಯವಹಾರವೆಲ್ಲ ಬೇಸಿಗೆ ರಜದಲ್ಲಿ ಬಸರಾಳಿನ ಅಜ್ಜಿಯ ಮನೆಯಲ್ಲಿ ನಡೆದದ್ದು. ಅಜ್ಜಿ ಒಂದು ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಅದು ಮೇವಿಗೆಂದು ಎದ್ದುಹೋದಾಗ ನಾನು ಮೊಟ್ಟೆಗಳ ನಡುವೆ ಒಂದು ಆಲೂಗಡ್ಡೆ ಇಟ್ಟು ಬಂದೆ. ಏನಾಗುತ್ತದೆ ನೋಡೋಣ ಎಂಬ ಕುತೂಹಲ, ಅಷ್ಟೇ. ಕೋಳಿ ವಾಪಸ್ಸು ಬಂದು, ತಲೆ ಓರೆ ಮಾಡಿ ನೋಡಿ, ಆಲೂಗಡ್ಡೆಯನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಸರಿಸಿಕೊಂಡು ಕೂತಿತು. ಮರಿಗಳೆಲ್ಲ ಆಚೆ ಬಂದ ದಿನ ಅಜ್ಜಿ ಗೂಡು ತೆಗೆದು ನೋಡಿದರೆ ಆಲೂಗಡ್ಡೆ ಮೊಳಕೆಯೊಡೆದಿತ್ತು. ಬೈಗುಳ ನನಗೆ ಬಿತ್ತು. ನಾನು ಮಾತ್ರ ಇಂದಿಗೂ ಆ ಕೋಳಿಯ ಪರವೇ. ತನ್ನ ಕೆಲಸ ಅದು ಮಾಡಿತ್ತು, ಆಲೂಗಡ್ಡೆಯೂ ತನ್ನ ಕೈಲಾದಷ್ಟು ಮಾಡಿತ್ತು.

ಇಷ್ಟು ಅನುಭವ ಇಟ್ಟುಕೊಂಡು ನಾನು ಸೇರಿದ್ದು ಕಿರುಗಾವಲಿನ ಪಕ್ಕದ ಹಳ್ಳಿಯೊಂದರ ಮನೆಗೆ. ನಮ್ಮ ಯಜಮಾನರಿಗೆ ಮದ್ದೂರಿನ ಸರ್ಕಾರಿ ಕಚೇರಿಯಲ್ಲಿ ಕೆಲಸ. ಅತ್ತೆ ಮಾತ್ರ ನನ್ನ ಮೈದುನನ ಸಂಸಾರದ ಜೊತೆ ಊರಿನಲ್ಲಿದ್ದುಕೊಂಡು ಮಕ್ಕಳು, ಮೊಮ್ಮಕ್ಕಳು, ಎಮ್ಮೆ, ಕೋಳಿ ಎಲ್ಲರ ಮೇಲೂ ಒಂದೇ ದನಿಯಲ್ಲಿ ದರ್ಬಾರು ನಡೆಸುತ್ತಾರೆ. ನಾವು ಶನಿವಾರ ಹೋಗಿ ಭಾನುವಾರ ಸಂಜೆ ಹಿಂದಿರುಗುತ್ತೇವೆ. ಅಷ್ಟರೊಳಗೆ ನನ್ನ ಮುದ್ದೆ ಗಂಟಾಗಿದೆ, ನನ್ನ ಸಾರು ನೀರಾಗಿದೆ, ನಾನು ಗುಡಿಸಿದ ಅಂಗಳವನ್ನು ಇನ್ನೊಂದು ಸಲ ಗುಡಿಸಬೇಕಾಗಿದೆ ಎಂಬ ತೀರ್ಪುಗಳೆಲ್ಲ ಬಂದಿರುತ್ತವೆ. ಬೇಜಾರಿಲ್ಲ. ತೀರ್ಪು ಎಮ್ಮೆಗೂ ಅದೇ ದನಿಯಲ್ಲಿ ಬೀಳುತ್ತದೆ.

ಕೆಲವು ವರ್ಷದ ಹಿಂದೆ ಅಂಥದೊಂದು ಶನಿವಾರ ಮೈದುನ ಕಬ್ಬು ಕಡಿಸುತ್ತಿದ್ದ. ಬದುವಿನ ಹುಲ್ಲಿನೊಳಗಿಂದ ಗೌಜಲಹಕ್ಕಿಯೊಂದು ಬುರ್ರೆಂದು ಎದ್ದುಹೋಯಿತು. ಹುಲ್ಲು ಸರಿಸಿ ನೋಡಿದರೆ ಹಾಲಿನ ಕೆನೆ ಬಣ್ಣದ ಪುಟ್ಟ ಮೊಟ್ಟೆಗಳು, ಗೋಲಿಗಿಂತ ದೊಡ್ಡವು, ನಿಂಬೆಹಣ್ಣಿಗಿಂತ ಚಿಕ್ಕವು. ಇನ್ನೇನು ಕಬ್ಬಿನ ತರಗಿಗೆ ಬೆಂಕಿ ಇಡಬೇಕು. ಹಕ್ಕಿ ವಾಪಸ್ಸು ಬರಲಿಲ್ಲ. ಕಡಿಯುವವರಲ್ಲಿ ಒಬ್ಬ ಆಮ್ಲೆಟ್ಟಿನ ಮಾತೆತ್ತಿದ. ಅತ್ತೆ ಅವನನ್ನು ಒಂದು ಸಲ ನೋಡಿ, ಮೊಟ್ಟೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಮನೆಗೆ ಬಂದರು.

ಗೌಜಲು ಎಂದರೆ ನಮ್ಮ ಕಡೆ ಹಳೆಯ ತಲೆಗಳ ಬಾಯಲ್ಲಿ ಇನ್ನೂ ನೀರೂರುತ್ತದೆ. ಹಿಂದೆ ಬಲೆ ಹಾಕಿ ಹಿಡಿಯುತ್ತಿದ್ದರಂತೆ, ಬೀಗರು ಬಂದರೆ ಗೌಜಲ ಸಾರಿಗೆ ಕೋಳಿಸಾರಿಗಿಂತ ಒಂದು ಕೈ ಹೆಚ್ಚು ಮರ್ಯಾದೆಯಂತೆ. ಈಗ ಅದನ್ನು ಹಿಡಿಯುವುದೂ ತಪ್ಪು, ಸಾಕುವುದೂ ತಪ್ಪು. ಇದನ್ನು ನಮ್ಮ ಯಜಮಾನರು ಹಜಾರದಲ್ಲಿ ನಿಂತು, ಕಚೇರಿಯಲ್ಲಿ ಸುತ್ತೋಲೆ ಓದುವವರಂತೆ ವಿವರಿಸಿದರು. ಅರಣ್ಯ ಇಲಾಖೆಯವರು ಬರುತ್ತಾರೆ, ಕೇಸಾಗುತ್ತದೆ, ತಮ್ಮ ನೌಕರಿಗೆ ಸಂಚಕಾರ ಬರುತ್ತದೆ ಎಂದೆಲ್ಲ ಹೇಳಿ ಬೆವರು ಒರೆಸಿಕೊಂಡರು.

"ನಾನೆಲ್ಲಿ ಸಾಕ್ತೀನ್ಲಾ? ಸಾಕೋದು ಕೋಳಿ. ಕೇಸಾಕದಾದ್ರೆ ಅದ್ರ ಮ್ಯಾಲೆ ಆಕೋ ಓಗು," ಎಂದರು ಅತ್ತೆ.

ಮರಿಗಳು ಹಾರುವಂತಾದ ಮೇಲೆ ಕಬ್ಬಿನ ಗದ್ದೆಗೇ ಬಿಟ್ಟುಬಿಡುವುದು ಎಂಬ ಒಪ್ಪಂದಕ್ಕೆ ತಾಯಿ ಮಗ ಬಂದರು. ಆದರೆ ಕೇಸು ಹಾಕಿಸಿಕೊಳ್ಳುವ ಕೋಳಿಯೇ ಮನೆಯಲ್ಲಿ ಇರಲಿಲ್ಲ. ಅತ್ತೆಯ ಕೋಳಿಗಳಲ್ಲಿ ಯಾವುದೂ ಕಾವಿಗೆ ಬಂದಿರಲಿಲ್ಲ. ಕಾವು ಎನ್ನುವುದು ನಾವು ಹೇಳಿದಾಗ ಬರುವ ಸಂಗತಿಯಲ್ಲ. ಬೇಡವಾದಾಗ ಬಂದು, ತಣ್ಣೀರಿನಲ್ಲಿ ಮುಳುಗಿಸಿದರೂ ಮೂಗಿಗೆ ಗರಿ ಚುಚ್ಚಿದರೂ ಇಳಿಯುವುದಿಲ್ಲ. ಬೇಕಾದಾಗ ಒಂದು ಕೋಳಿಯೂ ಕೂರುವುದಿಲ್ಲ. ಊರಿನಲ್ಲಿ ಆ ಹೊತ್ತಿಗೆ ಕಾವಿಗೆ ಬಂದಿದ್ದದ್ದು ಪಕ್ಕದ ಮನೆ ಸಣ್ಣಮ್ಮನ ಬೂದಗೋಳಿ ಒಂದೇ.

ಸಣ್ಣಮ್ಮ ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಗಟ್ಟಿ ಹೆಂಗಸು. ಮಾತೂ ಗಟ್ಟಿ, ಲೆಕ್ಕವೂ ಗಟ್ಟಿ. ಅವಳ ಕೋಳಿಯೂ ಅವಳ ಥರವೇ. ಕಾವಿಗೆ ಬಂದಾಗಿನಿಂದ ಅದು ಮೈಯೆಲ್ಲ ಗರಿ ಕೆದರಿಕೊಂಡು ಹಳೆಯ ಒರಳುಗಲ್ಲಿನ ಮೂಲೆಯಲ್ಲಿ ಖಾಲಿ ನೆಲದ ಮೇಲೆ ಕೂತಿತ್ತು. ಹತ್ತಿರ ಹೋದವರ ಕಾಲಿಗೆ ಕುಕ್ಕುತ್ತಿತ್ತು. ನಾಯಿ ಆ ದಾರಿಯನ್ನೇ ಬಿಟ್ಟಿತ್ತು.

ಸಣ್ಣಮ್ಮನಿಗೂ ಒಂದು ಕಷ್ಟವಿತ್ತು. ಅವಳ ಮನೆಯಲ್ಲಿ ಒಂದು ಕೆಂಪು ಹುಂಜ ಇತ್ತು. ಕೂಗಿದರೆ ನಮ್ಮ ಊರಿಗಲ್ಲದೆ ಪಕ್ಕದೂರಿಗೂ ಬೆಳಗಾಗುತ್ತಿತ್ತು. ಅವಳ ಬೀಗರು ಹೇಳದೆ ಕೇಳದೆ ಒಂದು ದಿನ ಬಂದಿಳಿದರು, ಹುಂಜ ಸಾರಾಯಿತು. ಅದರ ಗುರುತಾಗಿ ಉಳಿದಿದ್ದದ್ದು ನಾಲ್ಕು ಮೊಟ್ಟೆ. ಬೂದಗೋಳಿಗೆ ಅವನ್ನು ಇಟ್ಟು ಕೂರಿಸಬೇಕು ಎನ್ನುವಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿ, ಬಾಣಂತನಕ್ಕೆ ಮಂಡ್ಯಕ್ಕೆ ಹೊರಡಬೇಕಾಯಿತು. ಕೋಳಿಯನ್ನು ನೋಡಿಕೊಳ್ಳುವವರು ಅವಳಿಗೆ ಬೇಕಿತ್ತು, ಕೋಳಿ ನಮಗೆ ಬೇಕಿತ್ತು.

ಹಾಗಾಗಿ ಬೂದಗೋಳಿ ನಮ್ಮ ಮನೆಗೆ ವಾರಕ್ಕೆ ಬಂತು. ವಾರ ಎಂದರೆ ಸೋಮವಾರ ಮಂಗಳವಾರವಲ್ಲ. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು. ಮರಿಗಳು ತಾಯಿಯನ್ನು ಬಿಟ್ಟ ಮೇಲೆ ಇಬ್ಬರಿಗೂ ಸರಿಪಾಲು. ನಮ್ಮ ಕಡೆ ಕೋಳಿ, ಕುರಿ, ಹಸು ಎಲ್ಲವೂ ಹೀಗೆ ವಾರಕ್ಕೆ ಹೋಗಿಬರುತ್ತವೆ. ಗೌಜಲ ಮರಿಯಲ್ಲಿ ಪಾಲಿಲ್ಲ, ಅವು ಗದ್ದೆಗೆ ಹೋಗುವಂಥವು ಎಂದು ಅತ್ತೆ ಮೊದಲೇ ಹೇಳಿದರು. ಹಾಗಿದ್ದರೆ ತನ್ನ ನಾಲ್ಕು ಮೊಟ್ಟೆಯನ್ನೂ ಜೊತೆಗೇ ಇಡಬೇಕು, ಅದರಲ್ಲಿ ಆಗುವ ಮರಿಯಲ್ಲಿ ಕೋಳಿ ಕೊಟ್ಟವಳೆಂದು ತನಗೆ ಅರ್ಧ, ಸಾಕಿದವರೆಂದು ನಮಗೆ ಅರ್ಧ ಎಂದಳು ಸಣ್ಣಮ್ಮ. ಮಾತಾಯಿತು.

ಮಂಕರಿ ಎನ್ನುವ ಬಿದಿರ ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಒಂದು ಮೊಳೆಯನ್ನೂ ಇದ್ದಿಲ ಚೂರನ್ನೂ ಇಟ್ಟು, ದೊಡ್ಡ ಮೊಟ್ಟೆ ಚಿಕ್ಕ ಮೊಟ್ಟೆ ಎಲ್ಲ ಸೇರಿಸಿ ಕೋಳಿಯನ್ನು ಕೂರಿಸಿದರು. ಗಾತ್ರದಲ್ಲಿ ಇಷ್ಟು ವ್ಯತ್ಯಾಸವಿದೆಯಲ್ಲ, ಒಟ್ಟಿಗೆ ಮರಿಯಾಗುತ್ತವೆಯೇ ಎಂದು ಮೈದುನನ ಹೆಂಡತಿ ನನ್ನನ್ನು ಕೇಳಿದಳು. ಕಾವು ಒಂದೇ, ಕೋಳಿ ಒಂದೇ, ಆದ್ದರಿಂದ ಒಂದೇ ದಿನ ಆಗುತ್ತವೆ ಎಂದು ನಾನು ವಿಜ್ಞಾನದ ಮೇಡಮ್ಮಿನ ದನಿಯಲ್ಲಿ ಹೇಳಿದೆ. ಗದ್ದೆಯಿಂದ ತಂದಾಗ ಗೌಜಲ ಮೊಟ್ಟೆಗಳು ಬೆಚ್ಚಗಿದ್ದವು, ತಾಯಿ ಹಕ್ಕಿ ಆಗಲೇ ಒಂದೆರಡು ದಿನ ಕೂತೆದ್ದಿತ್ತು ಎಂಬುದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ. ನಮಗೆಲ್ಲರಿಗೂ ಪಾಲಿನ ಲೆಕ್ಕದಲ್ಲೇ ಬುದ್ಧಿ ಪೂರ್ತಿ ಖರ್ಚಾಗಿತ್ತು.

ಸಣ್ಣಮ್ಮ ಮಂಡ್ಯದಿಂದ ದಿನಕ್ಕೊಂದು ಸಲ ಮೈದುನನ ಫೋನಿಗೆ ವೀಡಿಯೋ ಕಾಲ್ ಮಾಡುತ್ತಿದ್ದಳು. ಮೊಮ್ಮಗುವನ್ನು ಒಂದು ಗಳಿಗೆ ನಮಗೆ ತೋರಿಸಿ, ಆಮೇಲೆ ಕೋಳಿಯನ್ನು ತೋರಿಸಲು ಹೇಳುತ್ತಿದ್ದಳು. ಮೈದುನ ಫೋನನ್ನು ಮಂಕರಿಯೊಳಗೆ ಇಳಿಬಿಡುತ್ತಿದ್ದ. ಸಣ್ಣಮ್ಮ ಅತ್ತಕಡೆಯಿಂದ ಬಾ ಬಾ ಬಾ ಎಂದು ಕರೆಯುತ್ತಿದ್ದಳು. ಕೋಳಿ ಫೋನಿಗೆ ಕುಕ್ಕುತ್ತಿತ್ತು. ಆರೋಗ್ಯವಾಗಿದೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

ಒಂದು ಶನಿವಾರ ನಾವು ಊರಿಗೆ ಹೋದಾಗ ಮನೆಯಲ್ಲಿ ಗಲಿಬಿಲಿ. ಗೌಜಲ ಮರಿಗಳು ಆಗಿಬಿಟ್ಟಿದ್ದವು. ಹೆಬ್ಬೆರಳಿನ ತುದಿಯಷ್ಟು ಪ್ರಾಣಿ, ಬೆನ್ನ ಮೇಲೆ ಗೆರೆ, ಮೈ ಒಣಗುವ ಮೊದಲೇ ಓಟ. ಮಂಕರಿ ಮುಚ್ಚಿದರೆ ಅದರ ಸಂದಿಯಿಂದ ನುಸುಳಿ ಆಚೆ ಬರುತ್ತಿದ್ದವು. ಬೂದಗೋಳಿಯ ಗರ್ವ ಹೇಳತೀರದು. ಅದು ಮಂಕರಿಯಿಂದೆದ್ದು ಕೊಕ್ ಕೊಕ್ ಎನ್ನುತ್ತಾ ಅಂಗಳ ಕೆರೆದು ಮರಿಗಳಿಗೆ ಮೇವು ತೋರಿಸುತ್ತಿತ್ತು. ಅದು ಒಂದು ಸಲ ಕಾಲು ಕೆರೆದರೆ ಮಣ್ಣಿನ ಜೊತೆ ಒಂದೆರಡು ಮರಿಗಳೂ ಹಿಂದಕ್ಕೆ ಹಾರಿ ಬೀಳುತ್ತಿದ್ದವು. ಎದ್ದು ಮತ್ತೆ ಮುಂದಕ್ಕೆ ಓಡಿಬರುತ್ತಿದ್ದವು.

ಮಂಕರಿಯಲ್ಲಿ ಸಣ್ಣಮ್ಮನ ನಾಲ್ಕು ಮೊಟ್ಟೆ ಹಾಗೆಯೇ ಉಳಿದಿದ್ದವು. ಇನ್ನು ಎರಡು ಮೂರು ದಿನದ ಕಾವು ಅವಕ್ಕೆ ಬೇಕಿತ್ತು. ಕೋಳಿಗೆ ಅದು ಬೇಡವಾಗಿತ್ತು. ಹಿಡಿದು ತಂದು ಕೂರಿಸಿದರೆ ಮರಿಗಳ ಹಿಂದೆ ಓಡುತ್ತಿತ್ತು. ಮರಿಗಳ ಸಮೇತ ಕೂರಿಸಿದರೆ ಮರಿಗಳು ಓಡುತ್ತಿದ್ದವು, ಅದು ಅವುಗಳ ಹಿಂದೆ ಓಡುತ್ತಿತ್ತು. ಅಷ್ಟರಲ್ಲಿ ಸಣ್ಣಮ್ಮನ ವೀಡಿಯೋ ಕಾಲ್ ಬಂತು. ಮೈದುನ ತಪ್ಪಿಸಲು ನೋಡಿದ. ಆದರೆ ಕೋಳಿಯೇ ಮರಿಗಳನ್ನು ಕಟ್ಟಿಕೊಂಡು ಫೋನಿನ ಮುಂದೆ ಹಾದುಹೋಯಿತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಾನು ಮಂಗಳವಾರ ಬತ್ತೀನಿ ಕಣಕ್ಕ. ಒಂದಾರ ಮರಿ ಆಗಿರ್ಬೇಕು. ಆಗ್ನಿಲ್ಲ ಅಂದ್ರೆ ನನ್ ಕೋಳಿ ನಾನು ಎತ್ಕಂಡೋಯ್ತೀನಿ, ಗೌಜಲ ನೀವೇ ಕುಂತ್ಕಂಡು ಸಾಕಳಿ," ಎಂದಳು.

ತಾಯಿ ಕೋಳಿ ಹೋದರೆ ಆ ಮರಿಗಳು ಒಂದು ರಾತ್ರಿಯೂ ಬದುಕುವುದಿಲ್ಲ. ಅಷ್ಟು ಹೊತ್ತಿಗೆ ನಮಗೆಲ್ಲ ಅವುಗಳ ಮೇಲೆ ಜೀವ ಹತ್ತಿತ್ತು. ಕೇಸಿನ ಭಯದ ಯಜಮಾನರೇ ಶರ್ಟು ಬಿಚ್ಚಿ, ಓಡಿಹೋಗುವ ಮರಿಗಳಿಗೆ ಅಡ್ಡ ಹಿಡಿದುಕೊಂಡು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಓಡಾಡುತ್ತಿದ್ದರು.

ಪೆಟ್ಟಿಗೆಗೆ ಬಲ್ಬು ಹಾಕಿ ಅದರಲ್ಲಿ ಮೊಟ್ಟೆ ಇಡಬಹುದು ಎಂದು ನಾನು ಸೂಚಿಸಿದೆ. ಹಾಕಿದೆವು. ಕರೆಂಟು ಹೋಯಿತು. ಮೊಬೈಲಿನ ಟಾರ್ಚು ಹಚ್ಚಿ ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿದರು ಅತ್ತೆ. ಎರಡು ಗೊಡ್ಡು, ಮೂರನೆಯದು ತಣ್ಣಗಾಗಿತ್ತು. ನಾಲ್ಕನೆಯದರಲ್ಲಿ ಏನೋ ಮಿಸುಕಿತು. ಅತ್ತೆ ಅದನ್ನು ಸೊಂಟದ ಮಡಿಲಿಗೆ ಕಟ್ಟಿಕೊಂಡರು. ಎಮ್ಮೆ ಕಟ್ಟಲು ಬಗ್ಗುವಾಗ ಮೊಟ್ಟೆ ಅಮುಕಿದ ಹಾಗಾಯಿತಂತೆ. ಬಿಚ್ಚಿ ನನ್ನ ಮುಂದೆ ಹಿಡಿದರು.

"ನಾನು ಬಗ್ಗಿ ಎದ್ದು ಮಾಡೋಳು, ಒಡ್ದೋಯ್ತದೆ. ನೀನು ಕುಂತು ಸಂಬಳ ಇಸ್ಕೊಳೋಳಲ್ವಾ. ಕಾವಿಗೆ ನೀನೇ ಸರಿ ಕಣೆ ರತ್ನ," ಎಂದರು.

ಮದುವೆಯಾಗಿ ಅಷ್ಟು ವರ್ಷಕ್ಕೆ ಅತ್ತೆ ನನ್ನಲ್ಲಿ ಗುರುತಿಸಿದ ಮೊದಲ ಯೋಗ್ಯತೆ ಅದು. ಬಿಡಲು ಮನಸ್ಸಾಗಲಿಲ್ಲ. ಯಜಮಾನರ ಉಣ್ಣೆಯ ಕಾಲುಚೀಲ ಒಂದನ್ನು ತಂದು, ಒಗೆದದ್ದೇ ಎಂದು ಅವರಿಂದ ಮೂರು ಸಲ ಆಣೆ ಮಾಡಿಸಿ, ಅದರೊಳಗೆ ಮೊಟ್ಟೆಯಿಟ್ಟು ಹೊಟ್ಟೆಗೆ ಅಂಟಿಕೊಳ್ಳುವ ಹಾಗೆ ಕಟ್ಟಿ, ಮೇಲೆ ಸೀರೆ ಉಟ್ಟೆ. ಆ ಗಳಿಗೆಯಿಂದ ನಾನು ನಾನಾಗಿರಲಿಲ್ಲ. ಬಗ್ಗುವಂತಿಲ್ಲ, ಓಡುವಂತಿಲ್ಲ, ಸೀನುವಂತಿಲ್ಲ. ಬಸ್ಸಿನಲ್ಲಿ ಮದ್ದೂರಿಗೆ ಬರುವಷ್ಟರಲ್ಲಿ ಆ ರಸ್ತೆಯ ಒಂದೊಂದು ಹಂಪೂ ನನಗೆ ಪರಿಚಯವಾಯಿತು. ಮನೆಗೆ ಬಂದು ಕುರ್ಚಿಯ ಮೇಲೆ ಗರಿ ಕೆದರಿದಂತೆ ಸೀರೆ ಹರಡಿಕೊಂಡು ಕೂತೆ. ಯಜಮಾನರು ನೀರು ಕೊಡಲು ಹತ್ತಿರ ಬಂದರು. ಯಾಕೆ ಬಂದಿರಿ ಎಂದು ಗದರಿದೆ. ಕುಕ್ಕುವುದೊಂದು ಬಾಕಿ.

ಸೋಮವಾರ ಮಂಡ್ಯದಲ್ಲಿ ನಮಗೆ ಶಿಕ್ಷಕರ ತರಬೇತಿ. ತರಬೇತಿಯೆಂದರೆ ಬೆಳಗಿನಿಂದ ಸಂಜೆವರೆಗೆ ಕೂರುವುದು. ಕಾವು ಕೊಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ಹಿಗ್ಗಿ ಹೋದೆ. ಆದರೆ ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದವರು ಹುರುಪಿನ ಮನುಷ್ಯ. ಕಲಿಕೆ ಎಂದರೆ ಚಟುವಟಿಕೆ ಎಂದರು. ಎಲ್ಲರೂ ಎದ್ದು ನಿಂತು, ಕೈ ನೆಲಕ್ಕೆ ಊರಿ, ಕಪ್ಪೆಯ ಹಾಗೆ ಸಭಾಂಗಣವನ್ನು ಒಂದು ಸುತ್ತು ಕುಪ್ಪಳಿಸಬೇಕು ಎಂದರು.

ಜಿಲ್ಲೆಯ ವಿಜ್ಞಾನ ಮೇಷ್ಟ್ರುಗಳೆಲ್ಲ ಕುಪ್ಪಳಿಸಿದರು. ನಿವೃತ್ತಿಗೆ ಆರು ತಿಂಗಳಿದ್ದ ಒಬ್ಬರೂ ಕುಪ್ಪಳಿಸಿದರು. ನಾನೊಬ್ಬಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಅವರು ಬಂದು ಯಾಕೆಂದು ವಿಚಾರಿಸಿದರು. ಆಗುವುದಿಲ್ಲ ಸಾರ್ ಎಂದೆ. ಅವರು ನನ್ನ ಕೈ ನೋಡಿದರು, ಕೈಯ ಕೆಳಗಿನ ಉಬ್ಬು ನೋಡಿದರು, ತಕ್ಷಣ ಕ್ಷಮೆ ಕೇಳಿ ಹಿಂದೆ ಸರಿದರು. ಆಗ ನನಗೆ ನಲವತ್ತೆಂಟು.

ಸುದ್ದಿ ನನಗಿಂತ ಮೊದಲು ಊಟದ ಸಾಲಿಗೆ ತಲುಪಿತ್ತು. ಯಾರೂ ಏನೂ ಕೇಳಲಿಲ್ಲ, ಎಲ್ಲರೂ ತಟ್ಟೆಗೆ ಬಡಿಸಿದರು. ಮೊಸರು ಎರಡು ಸೌಟು, ಉಪ್ಪಿನಕಾಯಿ ಎರಡು ಹೋಳು, ಮದ್ದೂರು ವಡೆ ಎರಡು. ನಿಲ್ಲಬೇಡಿ ಮೇಡಂ ಎಂದು ಒಬ್ಬರು ಕುರ್ಚಿ ತಂದರು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದವಳು ವಡೆ ನೋಡಿ ಸುಮ್ಮನಾದೆ.

ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿನಲ್ಲಿ ನನ್ನ ಹೊಟ್ಟೆಯಿಂದ ಪಿಯ್ ಎಂದು ಶಬ್ದ ಬಂತು. ಮೊಬೈಲುಗಳನ್ನು ಸೈಲೆಂಟಿನಲ್ಲಿ ಇಡಿ ಎಂದರು ಸಂಪನ್ಮೂಲ ವ್ಯಕ್ತಿ. ಎಲ್ಲರೂ ಬ್ಯಾಗು ತಡಕಾಡಿದರು. ಮತ್ತೆ ಪಿಯ್ ಪಿಯ್. ಪಕ್ಕದಲ್ಲಿದ್ದ ಪ್ರೇಮಾ ಮೇಡಂ ನನ್ನ ಕಡೆ ತಿರುಗಿ ಕಣ್ಣರಳಿಸಿದರು. ಅವರ ಕಿವಿಯಲ್ಲಿ ಇದ್ದ ಸಂಗತಿ ಹೇಳಿದೆ: ಮಗುವಲ್ಲ, ಕೋಳಿಮೊಟ್ಟೆ, ಸಣ್ಣಮ್ಮನದು, ಗೌಜಲಹಕ್ಕಿಯ ಸಲುವಾಗಿ. ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಮೊದಲು ಕೇಳಿದ್ದ ಸುದ್ದಿಯನ್ನೇ ನಂಬುವುದು ವಾಸಿ ಎಂದು ಅವರ ಮುಖದಲ್ಲಿ ಬರೆದಿತ್ತು.

ಸಂಜೆ ನಾನು ಮದ್ದೂರಿಗೆ ಹೋಗಲಿಲ್ಲ, ಸೀದಾ ಮಳವಳ್ಳಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಲ್ಲವಾದ್ದರಿಂದ ಬಸ್ಸು ತುಂಬ ಹೆಂಗಸರೇ. ಅರ್ಧ ದಾರಿಯಲ್ಲಿ ಕಾಲುಚೀಲದೊಳಗೆ ಗುದ್ದಾಟ ಶುರುವಾಯಿತು. ಮೆಲ್ಲಗೆ ಆಚೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಚಿಪ್ಪು ಸುತ್ತಲೂ ಬಿರುಕುಬಿಟ್ಟಿತ್ತು. ಸುತ್ತಲಿನ ಹೆಂಗಸರೆಲ್ಲ ಬಗ್ಗಿ ನಿಂತರು. ನೂಕಬೇಡಿ, ಗಾಳಿ ಬಿಡಿ ಎಂದು ಒಬ್ಬಾಕೆ ಹೆರಿಗೆ ಮನೆಯ ದನಿಯಲ್ಲಿ ಆಜ್ಞೆ ಮಾಡಿದಳು. ಒದ್ದೆ ಮುದ್ದೆಯಾದ, ಕುತ್ತಿಗೆ ನಿಲ್ಲದ ಒಂದು ಮರಿ ನನ್ನ ಅಂಗೈಗೆ ಬಂತು. ಅದರ ಎದೆ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಐವತ್ತರ ಹತ್ತಿರದವಳು, ಮಕ್ಕಳಿಗೆ ವರ್ಷವರ್ಷವೂ ಇದನ್ನು ಚಾರ್ಟಿನಲ್ಲಿ ತೋರಿಸಿದವಳು, ನನಗೆ ಅಳು ಬಂದುಬಿಟ್ಟಿತು.

ಕಂಡಕ್ಟರು ಬಂದು ಕೋಳಿಗೆ ಟಿಕೆಟ್ಟು ಕೇಳಿದ. ಹತ್ತುವಾಗ ಕೋಳಿ ಇರಲಿಲ್ಲ, ಮೊಟ್ಟೆ ಇತ್ತು ಎಂದೆ. ಈಗ ಇದೆಯಲ್ಲ ಎಂದ. ಹಿಂದಿನ ಸೀಟಿನ ಮುದುಕಿ, ಹೆಂಗಸರಿಗೆ ಫ್ರೀ ಅಲ್ಲವೇ, ಅದು ಯಾಟೆ, ಹೆಣ್ಣು ಕೋಳಿ ಎಂದಳು. ಯಾಟೆ ಎನ್ನುವುದಕ್ಕೆ ಗುರುತೇನು ಎಂದು ಅವನು ಕೇಳಿದ. ಗಂಡು ಎನ್ನುವುದಕ್ಕೆ ನಿನ್ನ ಹತ್ತಿರ ಗುರುತೇನು ಎಂದು ಅವಳು ಕೇಳಿದಳು. ಅವನು ಮರಿಯನ್ನು ಎರಡೂ ಕಡೆಯಿಂದ ನೋಡಿ, ಶಿಳ್ಳೆ ಊದಿಕೊಂಡು ಮುಂದಕ್ಕೆ ಹೋದ.

ಮುಸ್ಸಂಜೆಗೆ ಊರು ತಲುಪಿದೆ. ಅತ್ತೆ ಮರಿಯನ್ನು ಸೆರಗಿನಲ್ಲಿ ಒರೆಸಿ, ಮಂಕರಿಯೊಳಗೆ ಕೂತಿದ್ದ ಬೂದಗೋಳಿಯ ರೆಕ್ಕೆಯ ಕೆಳಗೆ ಹಿಂದಿನಿಂದ ತೂರಿಸಿದರು. ಕೋಳಿ ತಲೆ ಓರೆ ಮಾಡಿತು. ಗೆರೆಯಿಲ್ಲದ, ಮೂರು ಪಟ್ಟು ದಪ್ಪದ ಈ ಹೊಸ ಮರಿ ಪಿಯ್ ಎಂದಿತು. ಕುಕ್ಕಿದರೆ ಮುಗಿಯಿತು. ಕೋಳಿ ಒಮ್ಮೆ ಕೊಕ್ ಎಂದು ರೆಕ್ಕೆ ಅಗಲ ಮಾಡಿ ಎಲ್ಲರನ್ನೂ ಒಳಗೆ ಎಳೆದುಕೊಂಡಿತು.

ಮಾರನೆಯ ದಿನ ಸಣ್ಣಮ್ಮ ಬಂದವಳೇ ಮರಿಯನ್ನು ಎತ್ತಿ ಅದರ ಕಾಲು ನೋಡಿ ಕೆಳಗೆ ಬಿಟ್ಟಳು. ಕೋಳಿಯನ್ನು ಎತ್ತಿಕೊಂಡು ಹೋಗಲಿಲ್ಲ. ಗೌಜಲ ಮರಿಗಳು ಉಳಿದವು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯ ಕಸುಬೆಲ್ಲ ಗೆದ್ದಲು ಹಿಡಿಯುವುದು. ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ ಗದ್ದೆಯ ಬದಿಯಲ್ಲಿ ಬೋರಲು ಹಾಕಿದರೆ ಬೆಳಗ್ಗೆಗೆ ಗೆದ್ದಲು ಕಟ್ಟಿರುತ್ತದೆ. ಗೌಜಲ ಮರಿಗೆ ಅದೇ ಬೇಕು. ಶನಿವಾರ ಬಂತೆಂದರೆ ಯಜಮಾನರು ಇಸ್ತ್ರಿ ಪ್ಯಾಂಟಿನಲ್ಲೇ ಮಡಕೆ ಹೊತ್ತು ಬರುತ್ತಿದ್ದರು. ಗೌಜಲುಗಳು ಬೆಳೆದು, ಒಂದು ದಿನ ಬುರ್ರೆಂದು ಹೆಂಚಿನ ಮೇಲೆ ಹಾರಿ ಕೂತವು. ಬೂದಗೋಳಿ ಕೆಳಗೆ ನಿಂತು ಊರೆಲ್ಲ ಕೇಳುವ ಹಾಗೆ ಬೈದಿತು. ನನ್ನ ಮರಿ ಅಣ್ಣಂದಿರ ಹಾಗೆ ಹಾರಲು ಹೋಗಿ ಎಮ್ಮೆಯ ಕಲಗಚ್ಚಿನ ಬಾನಿಯೊಳಗೆ ಬಿತ್ತು. ತೆಗೆದು ಬಿಟ್ಟರೆ ಮತ್ತೆ ಹಾರಿತು, ಮತ್ತೆ ಬಿತ್ತು. ಕೊನೆಗೊಂದು ಸಂಜೆ ಗೌಜಲುಗಳು ಪಕ್ಕದ ಕಬ್ಬಿನೊಳಗೆ ಹೋದವು, ತಿರುಗಿ ಬರಲಿಲ್ಲ. ಅತ್ತೆ ಅಂಗಳದ ಕೊನೆಯಲ್ಲಿ ಬಹಳ ಹೊತ್ತು ನಿಂತಿದ್ದು, ಓಗ್ಲಿ ಬುಡು ಎಂದು ಒಳಗೆ ಬಂದರು.

ಉಳಿದದ್ದು ನನ್ನ ಹೊಟ್ಟೆಯ ಮೇಲಿನ ಮರಿ ಒಂದೇ. ಅದು ಹುಂಜವಾಯಿತು. ಕಂಡಕ್ಟರಿಗೆ ತಿಳಿಯದಿದ್ದರೆ ಸಾಕು. ತಾಯಿಯನ್ನು ಬಿಟ್ಟು ಬೇರೆ ಮಲಗಲು ಶುರುಮಾಡಿದ ಮೇಲೆ, ಒಂದು ಭಾನುವಾರ ಸಣ್ಣಮ್ಮ ಪಾಲು ಕೇಳಲು ಬಂದಳು. ನಾನು ಹಜಾರದ ಕಂಬಕ್ಕೆ ಒರಗಿ ಕೂತಿದ್ದೆ. ಒಂದೇ ಹುಂಜವನ್ನು ಸರಿಪಾಲು ಮಾಡುವುದು ಹೇಗೆ? ಕೊಯ್ದರೆ ಪಾಲಾಗುತ್ತದೆ, ಆದರೆ ಸಣ್ಣಮ್ಮ ಬಂದದ್ದು ಅದಕ್ಕಲ್ಲ.

ಪಾಲು ಎಂಬ ಮಾತು ಕೇಳಿದ್ದೇ ಅತ್ತೆಗೆ ಹುರುಪು ಬಂತು. ಕೋಳಿ ಕೊಟ್ಟವರಿಗೆ ಅರ್ಧ ಎಂದು ತಾನೇ ಮಾತಾಗಿದ್ದು, ನಿನ್ನ ಕೋಳಿ ಈ ಮೊಟ್ಟೆಯನ್ನು ಬಿಟ್ಟು ಎದ್ದುಹೋಯಿತಲ್ಲ, ಇದಕ್ಕೆ ಕಾವು ಕೊಟ್ಟದ್ದು ಅದಲ್ಲ, ಹಾಗಿದ್ದ ಮೇಲೆ ನಿನಗೆ ಯಾವ ಲೆಕ್ಕದಲ್ಲಿ ಅರ್ಧ ಎಂದು ಕೇಳಿದರು. ಮೊಟ್ಟೆ ತನ್ನದು ಎಂದಳು ಸಣ್ಣಮ್ಮ. ಮೊಟ್ಟೆಗೆ ಪಾಲು ಎಂದು ಮಾತೇ ಆಗಿರಲಿಲ್ಲ ಎಂದರು ಅತ್ತೆ. ಇಬ್ಬರ ನಡುವೆ ನಮ್ಮ ಯಜಮಾನರು ಕಾನೂನು ತೆಗೆದರು. ಸುಮ್ನಿರ್ಲಾ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಜಗಳವಾಗುತ್ತದೆ ಎಂದುಕೊಂಡೆ. ಸಣ್ಣಮ್ಮ ಜಗುಲಿಯ ಮೇಲೆ ಕೂತುಬಿಟ್ಟಳು. ಹುಂಜದ ಕಡೆ ತಿರುಗಿದಳು.

"ಬೀಗ್ರ ಮುಂದೆ ಇಲ್ಲ ಅನ್ನಕಾಗ್ದೆ ಕೊಯ್ಸ್‌ಬುಟ್ಟೆ ಕಣಕ್ಕ ಅದರಪ್ಪನ್ನ. ಅವತ್ತು ನಾನು ಸಾರು ಮುಟ್ನಿಲ್ಲ. ಇದೊಂದೇ ಕಣಕ್ಕ ಅದರ ವಂಸ ಅಂತ ಇರೋದು," ಎಂದಳು.

ಆ ಗಟ್ಟಿ ಹೆಂಗಸಿನ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರು ಎದ್ದು, ಹುಂಜವನ್ನು ಎರಡೂ ರೆಕ್ಕೆ ಕೂಡಿಸಿ ಹಿಡಿದು ತಂದು ಸಣ್ಣಮ್ಮನ ಮಡಿಲಿಗೆ ಹಾಕಿದರು.

"ತಗ, ಪೂರಾ ನೀನೇ ತಗ. ಪಾಲುಗೀಲು ಏನೂ ಬ್ಯಾಡ. ಆದ್ರೆ ಒಂದ್ಮಾತು ಕಣಮ್ಮ. ಕಾವು ಕೊಟ್ಟ ಯಾಟೆ ನಮ್ದು. ನಾಳೆ ಅದ್ನ ವಾರಕ್ಕೆ ಕೊಡಿ ಅಂತ ಬಂದೀಯ. ಕೊಡಾಕಿಲ್ಲ."

ಹೇಳಿದವರು ನನ್ನ ಕಡೆ ತಿರುಗಿಯೂ ನೋಡದೆ ಎಮ್ಮೆಗೆ ಹುಲ್ಲು ಹಾಕಲು ಹೋದರು. ನನಗಾದ ಸಂತೋಷಕ್ಕೆ ಮಿತಿಯಿರಲಿಲ್ಲ. ಎದ್ದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಕೂತಿದ್ದೆ.